ಸಿಡುಕಿ ಮೇಯ್ದ ಹುಲ್ಲು

ನಾನು ಹುಲ್ಲು ಪರೀಕ್ಷೆ ಮಾಡುವವಳು ಎಂದರೆ ಜನ ಮೊದಲು ನಗುತ್ತಾರೆ, ಆಮೇಲೆ ಅದಕ್ಕೂ ಪರೀಕ್ಷೆ ಇದೆಯಾ ಎಂದು ಕೇಳುತ್ತಾರೆ. ಇದೆ. ಹಸುವಿನ ಹೊಟ್ಟೆಗೆ ಹೋಗುವ ಮೇವಿನಲ್ಲಿ ನೀರೆಷ್ಟು, ನಾರೆಷ್ಟು, ಪ್ರೋಟೀನ್ ಎಷ್ಟು ಎಂದು ಅಳೆದು ಬರೆದುಕೊಡುವುದು ನಮ್ಮ ಲ್ಯಾಬಿನ ಕೆಲಸ. ಕಾಗದದ ಚೀಲಗಳಲ್ಲಿ ಹುಲ್ಲು ಬರುತ್ತದೆ. ಅದನ್ನು ಎರಡು ದಿನ ಓವನ್ನಿನಲ್ಲಿ ಒಣಗಿಸುತ್ತೇನೆ, ಗಿರಣಿಯಲ್ಲಿ ಬೀಸುತ್ತೇನೆ, ಒಂದು ಚಿಟಿಕೆ ಆಸಿಡ್ಡಿನಲ್ಲಿ ಕುದಿಸುತ್ತೇನೆ, ಇನ್ನೊಂದು ಚಿಟಿಕೆ ಸುಟ್ಟು ಬೂದಿಯ ತೂಕ ನೋಡುತ್ತೇನೆ. ಇಷ್ಟೆಲ್ಲಾ ಹೇಳಿದ್ದರಲ್ಲಿ ಕೊನೆಯದೊಂದು ಮಾತ್ರ ನಮ್ಮ ಅತ್ತೆಯ ತಲೆಯಲ್ಲಿ ಉಳಿಯಿತು. ಹತ್ತೊಂಬತ್ತು ವರ್ಷ, ಯಾರು ಕೇಳಿದರೂ, "ನಮ್ಮ ಸೊಸೆ ಹುಲ್ಲು ಸುಡೋ ಆಫೀಸಲ್ಲಿದಾಳೆ" ಎಂದೇ ಹೇಳಿದರು.

ಅತ್ತೆಗೆ ಹದಿನಾರು ಹಸು. ನಮ್ಮ ಮನೆಯ ಹಿಂಬಾಗಿಲು ತೆರೆದರೆ ಕೊಟ್ಟಿಗೆ, ಕೊಟ್ಟಿಗೆಯ ಆಚೆ ಹುಲ್ಲುಗಾವಲು. ನನ್ನ ಗಂಡ ಹಾಲಿನ ಟ್ಯಾಂಕರ್ ಓಡಿಸುತ್ತಾನೆ. ಬೆಳಗಾಗುವ ಮುಂಚೆ ಹೊರಟುಹೋಗುವುದರಿಂದ ಮನೆಯ ಜಗಳಗಳಲ್ಲಿ ಅವನಿಗೆ ಪಾಲಿಲ್ಲ. ನನಗೆ ಮೂಗಿನ ತುದಿಯಲ್ಲೇ ಕೋಪ, ಇದನ್ನು ಒಪ್ಪಿಕೊಳ್ಳುವುದಕ್ಕೆ ನಾಚಿಕೆಯಿಲ್ಲ. ನಾನು ಮದುವೆಯಾಗಿ ಬಂದ ವರ್ಷ ಹುಟ್ಟಿದ ಒಂದು ಹೆಣ್ಣುಕರುವಿಗೆ ಅತ್ತೆ ಸಿಡುಕಿ ಎಂದು ಹೆಸರಿಟ್ಟರು. ಯಾಕೆ ಆ ಹೆಸರು ಎಂದು ಕೇಳಿದ್ದಕ್ಕೆ, "ಸುಮ್ನೆ, ಬಾಯಿಗೆ ಬಂತು" ಎಂದರು. ಆ ಸಿಡುಕಿ ಮುದಿಯಾಗಿ ಹೋದ ಮೇಲೆ ಹೆಸರು ಮಗಳಿಗೆ ಬಂತು, ಈಗ ಮೊಮ್ಮಗಳಿಗೆ ಬಂದಿದೆ. ನನ್ನ ಅನುಮಾನವೂ ಮೂರು ತಲೆಮಾರು ಹಳೆಯದು.

ಹುಲ್ಲುಗಾವಲಿನಲ್ಲಿ ಹದಿನಾಲ್ಕು ಮರ. ನೆಟ್ಟವರು ಮಾವ. ಒಂದು ಬೇಸಿಗೆಯಲ್ಲಿ ಗಬ್ಬದ ಹಸುವೊಂದು ಬಿಸಿಲಿಗೆ ನಾಲಿಗೆ ಚಾಚಿ ಬಿದ್ದು ಮತ್ತೆ ಏಳಲಿಲ್ಲವಂತೆ. ಮಾವ ಮರುದಿನವೇ ಗುಂಡಿ ತೋಡಲು ಶುರುಮಾಡಿದರಂತೆ. ಎರಡು ವರ್ಷ ಸೈಕಲ್ಲಿನ ಎರಡೂ ಕಡೆ ಡಬ್ಬ ಕಟ್ಟಿಕೊಂಡು ನೀರು ಹೊತ್ತರು. ಸಾಲಾಗಿ ನೆಡಲು ಹೋಗಿ ಸಾಲು ಸೊಟ್ಟಗಾಗಿದೆ, ಅದನ್ನು ಯಾರೂ ಅವರೆದುರು ಹೇಳುವ ಹಾಗಿರಲಿಲ್ಲ. ಗೇಟಿನ ಪಕ್ಕದ್ದು ಮೊದಲು ನೆಟ್ಟ ಮರ. ಸಣ್ಣ ಎಲೆ, ಹಗುರ ನೆರಳು, ಬಿಸಿಲು ಸೋಸಿಕೊಂಡು ನೆಲಕ್ಕೆ ಬೀಳುತ್ತದೆ. ಮಾವ ತೀರಿಕೊಂಡು ಆರು ವರ್ಷವಾಯಿತು.

ಬೇಲಿಯಾಚೆ ಇನ್ನೊಬ್ಬ ದನ ಸಾಕುವವನಿದ್ದಾನೆ. ನಾನು ಅವನನ್ನು ಜಂಭದ ಕೋಳಿ ಎನ್ನುತ್ತೇನೆ, ಎದುರಿಗಲ್ಲ. ಹೋದ ವರ್ಷ ಅವನು ತನ್ನ ಮರಗಳನ್ನೆಲ್ಲ ಕಡಿಸಿದ. ಮಳೆ ಮುಗಿಯುವ ಹೊತ್ತಿಗೆ ಅವನ ಕಡೆ ಮೊಣಕಾಲೆತ್ತರ ಹುಲ್ಲು. ನಮ್ಮ ಕಡೆ ಮರದ ಕೆಳಗೆ ಅಲ್ಲಲ್ಲಿ ತೆಳ್ಳಗೆ. ಅವನು ದಿನಾ ಬೇಲಿಗೆ ಒರಗಿಕೊಂಡು, "ಏನಮ್ಮಾ, ಮರ ಮೇಯಿಸ್ತೀರೋ, ಹಸು ಮೇಯಿಸ್ತೀರೋ?" ಎನ್ನತೊಡಗಿದ. ಅದೇ ತಿಂಗಳು ನಮ್ಮ ಹಾಲೂ ಸ್ವಲ್ಪ ಇಳಿದಿತ್ತು.

ಒಂದು ಸಂಜೆ ಅತ್ತೆ ಅಡುಗೆಮನೆಗೆ ಬಂದು, ಇಲ್ಲದ ಧೂಳನ್ನು ಡಬ್ಬಿಯ ಮೇಲಿಂದ ಒರೆಸಿ, "ನಿಮ್ಮ ಆಫೀಸಿನ ಮೆಷಿನ್ನು ಇಂಥದ್ದಕ್ಕೆಲ್ಲಾ ಏನಾದ್ರೂ ಹೇಳುತ್ತಾ?" ಎಂದು ಕೇಳಿದರು.

ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ನಮ್ಮ ಅತ್ತೆಗೆ ನನ್ನ ಕೆಲಸ ಬೇಕಾಗಿತ್ತು.

ಮರುದಿನವೇ ಲ್ಯಾಬಿನಿಂದ ಕಬ್ಬಿಣದ ಚೌಕ ತಂದೆ. ಒಂದು ಮೊಳ ಉದ್ದ, ಒಂದು ಮೊಳ ಅಗಲ. ಅದನ್ನು ಹುಲ್ಲಿನ ಮೇಲೆ ಎಸೆಯಬೇಕು, ಅದು ಬಿದ್ದ ಕಡೆ ಚೌಕದೊಳಗಿನದನ್ನೆಲ್ಲ ಕತ್ತರಿಯಿಂದ ನೆಲಮಟ್ಟಕ್ಕೆ ಕತ್ತರಿಸಿ ಚೀಲಕ್ಕೆ ಹಾಕಬೇಕು. ನಮ್ಮ ಪುಸ್ತಕದ ನಿಯಮ ಅದು. ಹದಿನಾಲ್ಕು ಮರದ ಕೆಳಗೆ ಹದಿನಾಲ್ಕು ಚೀಲ, ಬಯಲಿನಲ್ಲಿ ಹದಿನಾಲ್ಕು ಚೀಲ. ಅತ್ತೆ ಚೀಲದ ಬಾಯಿ ಹಿಡಿದುಕೊಂಡು ನನ್ನ ಹಿಂದೆ ಬಂದರು. ನಾನು ಆಸ್ಪತ್ರೆಯ ದೊಡ್ಡ ಡಾಕ್ಟರಮ್ಮನ ಹಾಗೆ ನಡೆಯುತ್ತಿದ್ದೆ. ಒಂದು ಕಡೆ ಅವರು, "ಬುಡದ ಒಣಕಡ್ಡಿಯೂ ಬೇಕೇನೇ? ಅದನ್ನ ಯಾವ ಹಸು ತಿನ್ನುತ್ತೆ?" ಎಂದರು.

"ನಿಯಮ ಅತ್ತೆ. ಇದರಲ್ಲೆಲ್ಲಾ ನಮ್ಮ ಇಷ್ಟ ನಡೆಯಲ್ಲ" ಎಂದೆ.

ಅವರು ಚೀಲದ ಬಾಯಿ ಇನ್ನಷ್ಟು ಅಗಲಿಸಿ ಹಿಡಿದರು.

ವಾರದಲ್ಲಿ ಫಲಿತಾಂಶ ಬಂತು. ಬಯಲಿನಲ್ಲಿ ನೂರು ಗ್ರಾಂ ಒಣಹುಲ್ಲು ಸಿಕ್ಕಿದರೆ ಮರದ ಕೆಳಗೆ ನಲವತ್ತೈದು. ಪ್ರೋಟೀನ್ ಎರಡರಲ್ಲೂ ಹೆಚ್ಚುಕಡಿಮೆ ಒಂದೇ. ಲ್ಯಾಬಿನ ಕಾಗದದ ಮೇಲೆ ಅಚ್ಚು ಹಾಕಿಸಿ, ಕೆಳಗೆ ದೊಡ್ಡದಾಗಿ ಸಹಿ ಮಾಡಿ ತಂದು, ಅಡುಗೆಮನೆಯಲ್ಲಿ ನಿಂತು ಓದಿದೆ. "ಅಂದ್ರೆ ಮರಗಳು ಅರ್ಧಕ್ಕಿಂತ ಹೆಚ್ಚು ಹುಲ್ಲು ನುಂಗ್ತಿವೆ, ಅತ್ತೆ. ಮಾವನವರ ಮೇಲೆ ಗೌರವ ಇದೆ. ಆದ್ರೆ ತಕ್ಕಡಿ ಗೌರವ ನೋಡಲ್ಲ."

ಈ ಕೊನೆಯ ಮಾತನ್ನು ಬಸ್ಸಿನಲ್ಲಿ ಬರುವಾಗಲೇ ಹೊಂದಿಸಿಟ್ಟುಕೊಂಡಿದ್ದೆ. ಈಗ ನೆನೆದರೆ ನಾಲಿಗೆ ಕಚ್ಚಿಕೊಳ್ಳುವಂತಾಗುತ್ತದೆ.

ಅತ್ತೆ ಕಾಗದವನ್ನು ತೆಗೆದುಕೊಂಡು ಎರಡೂ ಕೈಯಲ್ಲಿ ಹಿಡಿದು ನೋಡಿದರು. ಅವರಿಗೆ ಅಂಕಿ ಓದಲು ಬರುತ್ತದೆ, ಸಹಿ ಗುರುತಿಸಲು ಬರುತ್ತದೆ. "ಇದು ನಿನ್ನ ಹೆಸರಲ್ವಾ?" ಎಂದು ಸಹಿಯ ಮೇಲೆ ಬೆರಳಿಟ್ಟರು. ಹೌದು ಎಂದೆ. ಒಲೆಯ ಪಕ್ಕದ ಗೋಡೆಗೆ, ಹಾಲಿನ ಡೇರಿಯ ಕ್ಯಾಲೆಂಡರ್ ತೆಗೆದು ಆ ಮೊಳೆಗೆ ನನ್ನ ಕಾಗದ ತೂಗುಹಾಕಿದರು. ಮನೆಗೆ ಬಂದವರಿಗೆಲ್ಲ ತೋರಿಸಿದರು. ಜಂಭದ ಕೋಳಿಗೆ ಬೇಲಿಯ ಹತ್ತಿರ ಹೋಗಿಯೇ ಹೇಳಿದರು: "ನೀನು ಬಾಯಲ್ಲಿ ಹೇಳಿದ್ದನ್ನ ನಮ್ಮ ಸೊಸೆ ಲೆಕ್ಕದಲ್ಲಿ ತೋರಿಸಿದಾಳೆ. ಅವಳು ಪರೀಕ್ಷೆ ಮಾಡೋ ಆಫೀಸಲ್ಲಿದಾಳೆ." ಸುಡೋ ಆಫೀಸು ಎನ್ನಲಿಲ್ಲ. ನಾನು ಕಿಟಕಿಯ ಹಿಂದೆ ನಿಂತು ಕೇಳಿಸಿಕೊಂಡೆ.

ಅದಾಗಿ ನಾಲ್ಕು ತಿಂಗಳಿಗೆ, ಬೇಸಿಗೆ ಏರಿದ ಮೇಲೆ, ಮರ ಕಡಿಯುವವನಿಗೆ ಹೇಳಿಕಳಿಸಿದರು. ಗುರುವಾರ ಬೆಳಿಗ್ಗೆ ಬರುತ್ತೇನೆ ಎಂದನಂತೆ. ಹದಿನಾಲ್ಕೂ ಹೋಗಬೇಕು.

"ಎಲ್ಲಾನೂನಾ ಅಮ್ಮ?" ಎಂದು ನನ್ನ ಗಂಡ ಕೇಳಿದ.

"ಅವಳ ಕಾಗದ ಒಂದು ಮರ ಬಿಡು ಅಂತ ಹೇಳಿದೆಯೇನೋ?" ಎಂದರು ಅತ್ತೆ.

ಅವನು ನನ್ನ ಕಡೆ ನೋಡಿದ. ನಾನು ತರಕಾರಿ ಹೆಚ್ಚುವುದರಲ್ಲಿ ಮುಳುಗಿದೆ. ಗೆದ್ದವಳಿಗೆ ಆಗಬೇಕಾದ ಖುಷಿ ಆಗುತ್ತಿರಲಿಲ್ಲ. ಆದರೆ ಬರೆದದ್ದು ಸುಳ್ಳಲ್ಲವಲ್ಲ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ.

ಬುಧವಾರ ನನಗೆ ಅರ್ಧ ದಿನ ರಜೆ. ಮರಗಳಿಗೆ ಸುಣ್ಣದಲ್ಲಿ ಗುರುತು ಹಾಕಿಡಲು ಮರ ಕಡಿಯುವವನು ಹೇಳಿದ್ದ. ಸುಣ್ಣದ ಡಬ್ಬಿ, ಬ್ರಷ್ಷು ಹಿಡಿದುಕೊಂಡು ಮಧ್ಯಾಹ್ನ ಹುಲ್ಲುಗಾವಲಿಗೆ ಹೋದೆ. ನಾಲ್ಕು ತಿಂಗಳ ಹಿಂದೆ ಹಸಿರಾಗಿದ್ದ ಬಯಲು ಈಗ ತೆನೆ ಬಿಟ್ಟು, ಬಲಿತು, ಕಡ್ಡಿಯಾಗಿ ನಿಂತಿತ್ತು. ಜಂಭದ ಕೋಳಿಯ ಕಡೆಯೂ ಅಷ್ಟೇ, ಎತ್ತರವೇನೋ ಇತ್ತು, ಪೊರಕೆ ಕಡ್ಡಿಯ ಎತ್ತರ. ಅವನ ಹಸುಗಳು ಬೇಲಿಯ ಆಚೆಗೆ ಚಾಚಿದ್ದ ನಮ್ಮ ಕೊಂಬೆಯೊಂದರ ನೆರಳಿಗೆ ಗುಂಪುಕಟ್ಟಿ ನಿಂತು ಏದುತ್ತಿದ್ದವು.

ನಮ್ಮ ಹಸುಗಳು ಮರಗಳ ಕೆಳಗಿದ್ದವು. ನಿಂತಿರಲಿಲ್ಲ, ಮೇಯುತ್ತಿದ್ದವು. ಗೇಟಿನ ಮರದಡಿ ಸಿಡುಕಿ, ಅದರ ಪಕ್ಕದಲ್ಲಿ ಸೊಂಟ ಬಗ್ಗಿಸಿಕೊಂಡು ಅತ್ತೆ. ಸಿಡುಕಿ ಒಂದು ಹೆಜ್ಜೆ ಇಟ್ಟರೆ ಅತ್ತೆಯೂ ಒಂದು ಹೆಜ್ಜೆ. ಸಿಡುಕಿ ನಾಲಿಗೆ ಸುತ್ತಿ ಹುಲ್ಲಿನ ತುದಿ ಕಿತ್ತರೆ, ಅದರ ಮೂತಿಯ ಪಕ್ಕದಲ್ಲೇ ಅಂಥದ್ದೇ ಹುಲ್ಲನ್ನು, ಅಷ್ಟೇ ಎತ್ತರದಲ್ಲಿ, ಅತ್ತೆ ಬೆರಳಲ್ಲಿ ಚಿವುಟಿ ಹೆಗಲಿನ ಬಟ್ಟೆಚೀಲಕ್ಕೆ ಹಾಕುತ್ತಿದ್ದರು.

"ಏನ್ ಮಾಡ್ತಿದೀರಾ ಅತ್ತೆ?"

"ಕುಂಟನಿಗೆ ಊಟ" ಎಂದರು. ಕುಂಟ ಸಿಡುಕಿಯ ಕರು, ಮುಂಗಾಲು ಉಳುಕಿ ಕೊಟ್ಟಿಗೆಯಲ್ಲಿ ಪಟ್ಟಿ ಕಟ್ಟಿಸಿಕೊಂಡು ಮಲಗಿತ್ತು. "ಕುಡುಗೋಲಲ್ಲಿ ಕೊಯ್ದು ಹಾಕಿದ್ರೆ ಮೂಸಿ ಬಿಟ್ಟುಬಿಡ್ತಾನೆ. ಅವರಮ್ಮ ಏನು ತಿಂತಾಳೋ ಅದನ್ನೇ ಕೊಡಬೇಕು. ಇವಳೋ ಮಹಾ ನಾಜೂಕು, ತುದಿ ಎಲೆ ಬಿಟ್ಟು ಬೇರೆ ಮುಟ್ಟಲ್ಲ. ಬಯಲಿಗೆ ಹೋದ್ರೆ ಹತ್ತು ಕಡೆ ಮೂಸಿ ಒಂದು ಕಡೆ ಬಾಯಿ ಹಾಕ್ತಾಳೆ. ಇಲ್ಲಿ ತಲೆ ಎತ್ತದೆ ಮೇಯ್ತಾಳೆ."

ಸುಣ್ಣದ ಬ್ರಷ್ಷನ್ನು ಡಬ್ಬಿಯೊಳಗೆ ಇಟ್ಟುಬಿಟ್ಟೆ.

ನಾನು ಕತ್ತರಿಯಲ್ಲಿ ಕತ್ತರಿಸಿದ್ದೆ. ಕತ್ತರಿ ಬುಡದವರೆಗೂ ಹೋಗುತ್ತದೆ. ಒಣಕಡ್ಡಿ, ಉದುರಿದ ಎಲೆ, ಹಳೆಯ ಬುಡದ ತುಂಡು, ಚೌಕದೊಳಗೆ ಇದ್ದದ್ದೆಲ್ಲ ನನ್ನ ಚೀಲದಲ್ಲಿತ್ತು. ಅದೂ ಬಯಲೆಲ್ಲ ಎಳೆಹಸಿರಾಗಿದ್ದ ತಂಪು ತಿಂಗಳಲ್ಲಿ. ಕತ್ತರಿ ಮೇಯ್ದದ್ದನ್ನು ತೂಗಿ, ಹಸು ಮೇಯ್ದದ್ದು ಎಂದು ಸಹಿ ಹಾಕಿದ್ದೆ. ಲ್ಯಾಬಿಗೆ ಸೇರಿದ ಹೊಸತರಲ್ಲಿ ನಮ್ಮ ಹಳೆಯ ಮೇಲಧಿಕಾರಿ ಹೇಳಿದ್ದರು, ಮೇಯುವ ದನದ ಮೇವು ನೋಡಬೇಕಾದರೆ ದನದ ಜೊತೆ ನಡೆದು ಅದು ಕಿತ್ತದ್ದನ್ನೇ ಕೈಯಲ್ಲಿ ಕೀಳಬೇಕು, ಅದಕ್ಕೆ ತಾಳ್ಮೆ ಬೇಕು ಎಂದು. ತಾಳ್ಮೆ ನನ್ನ ಹತ್ತಿರ ಯಾವತ್ತೂ ಇರಲಿಲ್ಲ. ಚೌಕ ಎಸೆಯುವುದು ಸುಲಭವಾಗಿತ್ತು, ನೋಡುವವರಿಗೆ ಜೋರಾಗಿಯೂ ಕಾಣುತ್ತಿತ್ತು.

ಅತ್ತೆಯ ಚೀಲದಿಂದ ಎರಡು ಹಿಡಿ ತೆಗೆದುಕೊಂಡೆ. ಸಿಡುಕಿಯನ್ನು ಬಯಲಿಗೆ ಹೊಡೆದುಕೊಂಡು ಹೋಗಿ, ಅದು ಅಲ್ಲಿ ಒಲ್ಲದ ಮನಸ್ಸಿನಿಂದ ಕಿತ್ತಂಥದ್ದನ್ನೇ ಎರಡು ಹಿಡಿ ಕಿತ್ತೆ. "ಯಾಕೆ?" ಎಂದರು ಅತ್ತೆ. "ಸುಮ್ನೆ" ಎಂದೆ. ಸಿಕ್ಕಿದ ಬಸ್ಸು ಹತ್ತಿ ಲ್ಯಾಬಿಗೆ ಹೋಗಿ ಎರಡೂ ಚೀಲ ಓವನ್ನಿನಲ್ಲಿಟ್ಟು ಬಂದೆ. ಒಣಗಬೇಕು, ಬೀಸಬೇಕು, ಕುದಿಯಬೇಕು. ಶನಿವಾರಕ್ಕೆ ಮುಂಚೆ ಅಂಕಿ ಬರುವುದಿಲ್ಲ. ಮರ ಕಡಿಯುವವನು ಬರುವುದು ಗುರುವಾರ.

ಊಟಕ್ಕೆ ಕೂತಾಗ ಹೇಳಿಬಿಡೋಣ ಎಂದುಕೊಂಡೆ. ಎದುರಿನ ಗೋಡೆಯಲ್ಲಿ ನನ್ನ ಕಾಗದ ತೂಗುತ್ತಿತ್ತು. ಒಗ್ಗರಣೆಯ ಎಣ್ಣೆ ಸಿಡಿದು ಒಂದು ಮೂಲೆ ಹಳದಿಯಾಗಿತ್ತು, ಸಹಿ ಮಾತ್ರ ಚೆನ್ನಾಗಿಯೇ ಇತ್ತು. ಕೈಯಲ್ಲಿ ಅಂಕಿ ಇಲ್ಲದೆ ಏನು ಹೇಳಲಿ? ಹಸುವನ್ನು ನೋಡಿದೆ, ಅದಕ್ಕೇ ನನ್ನ ತಕ್ಕಡಿ ತಪ್ಪು ಅನ್ನಿಸಿತು ಎಂದೇ? ಬಾಯಿ ತೆರೆದೆ. "ಉಪ್ಪು ಕೊಡಿ ಅತ್ತೆ" ಎಂದೆ. ಉಪ್ಪು ಸರಿಯಾಗಿಯೇ ಇತ್ತು.

ಗುರುವಾರ ಮರ ಕಡಿಯುವವನು ಬಂದ. ಮೋಟಾರಿನ ಗರಗಸ, ಹಗ್ಗ, ಒಳ್ಳೆಯ ಮಾತಿನ ಮನುಷ್ಯ. ಜಂಭದ ಕೋಳಿಯೂ ಬೇಲಿಯ ಮೇಲೆ ಮೊಣಕೈಯೂರಿ ತಯಾರಾಗಿದ್ದ. "ಯಾವುದರಿಂದ ಶುರುಮಾಡ್ಲಿ?" ಎಂದು ಮರ ಕಡಿಯುವವನು ಕೇಳಿದ. ಅತ್ತೆ ನನ್ನ ಕಡೆ ತಿರುಗಿದರು, ನಾನು ಹೇಳಬೇಕು ಎನ್ನುವ ಹಾಗೆ. ಆಗಲೂ ನಾನು ಹೇಳಲಿಲ್ಲ. "ಸರಿ, ಗೇಟಿನ ಹತ್ತಿರದ್ದು" ಎಂದರು ಅತ್ತೆ.

ಗರಗಸದ ಸದ್ದಿಗೆ ಹಸುಗಳು ದೂರ ಓಡಿದವು. ಮಾವ ಸೈಕಲ್ಲಿನಲ್ಲಿ ನೀರು ಹೊತ್ತ ಮೊದಲ ಮರ, ನಾನು ಬಾಯಿ ಮುಚ್ಚಿಕೊಂಡು ನಿಂತಿದ್ದಷ್ಟು ಹೊತ್ತಿನಲ್ಲಿ ಬಿತ್ತು. ಅಷ್ಟೇನೂ ಸದ್ದಾಗಲಿಲ್ಲ. ಕೊಂಬೆಗಳು ನೆಲಕ್ಕೆ ತಾಗಿ ಒಮ್ಮೆ ಮೇಲೆದ್ದು ಮತ್ತೆ ಕೂತವು. ಅದರ ಕೆಳಗಿದ್ದ ಹಸಿರು ಹುಲ್ಲಿನ ಮೇಲೆ ಬಿಸಿಲು ನೇರವಾಗಿ ಬಂದು ಬಿತ್ತು. ಅತ್ತೆ ಸೆರಗಿನ ತುದಿಯಿಂದ ಮೂಗು ಒರೆಸಿಕೊಂಡರು, ಧೂಳು ಎನ್ನುವ ಹಾಗೆ. ಮರ ಕಡಿಯುವವನು ಎರಡನೆಯದಕ್ಕೆ ಹಗ್ಗ ಕಟ್ಟಲು ಹೊರಟ.

"ನಿಲ್ಸಪ್ಪಾ!" ಎಂದು ಕೂಗಿದೆ. "ಅತ್ತೆ, ನನ್ನ ಕಾಗದ ತಪ್ಪು."

ಎಲ್ಲರೂ ತಿರುಗಿದರು. ಬೇಲಿಯ ಮೇಲಿನ ಮೊಣಕೈಗಳೂ ನೆಟ್ಟಗಾದವು.

"ಅಂಕಿ ತಪ್ಪಲ್ಲ. ಅಂಕಿ ಸರಿ, ನಾನು ಕಿತ್ತದ್ದು ತಪ್ಪು. ಹಸು ತಿನ್ನದ್ದನ್ನೆಲ್ಲಾ ಕತ್ತರಿಸಿ ತೂಗಿದೀನಿ. ನೀವು ಅವತ್ತೇ ಕೇಳಿದ್ರಿ, ಒಣಕಡ್ಡಿ ಯಾವ ಹಸು ತಿನ್ನುತ್ತೆ ಅಂತ. ನಾನು ಜೋರು ಮಾಡಿದೆ. ನಿನ್ನೆ ಮಧ್ಯಾಹ್ನವೇ ಗೊತ್ತಾಯ್ತು ನಂಗೆ. ನಿನ್ನೆಯಿಂದ ಹೇಳಕ್ಕೆ ಆಗ್ಲಿಲ್ಲ. ಹೊಸ ಲೆಕ್ಕ ಶನಿವಾರ ಬರುತ್ತೆ, ಅದು ಏನು ಹೇಳುತ್ತೋ ನಂಗೊತ್ತಿಲ್ಲ. ಆದ್ರೂ ಬೇಡ ಅತ್ತೆ. ಇನ್ನೊಂದು ಬೇಡ."

ಇಷ್ಟು ಹೇಳುವಷ್ಟರಲ್ಲಿ ನಾನು ಅಳುತ್ತಿದ್ದೆ. ಕೋಪ ಬಂದರೂ ಅಳು ಬರುವ ಜಾತಿ ನನ್ನದು, ನಾಚಿಕೆಯಾದರೂ ಅಷ್ಟೇ. ಜಂಭದ ಕೋಳಿ ನಕ್ಕು, "ಅಲ್ಲಮ್ಮಾ, ಪರೀಕ್ಷೆ ಮಾಡೋ ಆಫೀಸು ಅಂದ್ರಿ..." ಎಂದು ಶುರುಮಾಡಿದ.

"ನೀನು ಹೋಗಿ ನಿನ್ನ ಕಡ್ಡಿ ಕಾಯ್ಕೋ ಹೋಗು" ಎಂದರು ಅತ್ತೆ. ಅವನು ಹೋದ.

ಮರ ಕಡಿಯುವವನು ಹಗ್ಗ ಸುತ್ತಿಕೊಂಡು, ಬಿದ್ದದ್ದನ್ನು ತುಂಡು ಮಾಡತೊಡಗಿದ. ಅತ್ತೆ ನನ್ನ ಕೈ ಹಿಡಿದು ಕೊಟ್ಟಿಗೆಯ ಕಟ್ಟೆಯ ಮೇಲೆ ಕೂರಿಸಿದರು. ಅವರ ಬೆರಳ ತುದಿಗಳು ಹುಲ್ಲು ಚಿವುಟಿ ಹಸಿರಾಗಿದ್ದವು.

"ನಿಮಗೆ ಗೊತ್ತಿತ್ತಾ?" ಎಂದು ಕೇಳಿದೆ.

"ಏನು?"

"ಮರದಡಿ ಹುಲ್ಲು ಹಸುಗೆ ಒಳ್ಳೇದು ಅಂತ."

ಅತ್ತೆ ಪಕ್ಕದಲ್ಲಿ ಮಲಗಿದ್ದ ಕುಂಟನ ಕಿವಿ ನೀವಿದರು. "ಗೊತ್ತಿತ್ತು ಅಂತ ಹೇಳಲ್ಲ. ದಿನಾ ಅವುಗಳ ಹಿಂದೆ ನಡೀತೀನಿ, ಅನುಮಾನ ಇತ್ತು."

"ಮತ್ತೆ ಯಾಕೆ ಹೇಳ್ಲಿಲ್ಲ? ಹದಿನಾಲ್ಕು ಮರ ಅತ್ತೆ! ಮಾವ ನೆಟ್ಟಿದ್ದು!"

"ಬೈಬೇಡ" ಎಂದರು, ನಾನು ಬೈಯುತ್ತಿದ್ದೆ ಎನ್ನುವುದು ಆಗ ನನಗೆ ಗೊತ್ತಾಯಿತು. "ನಿಮ್ಮ ಮಾವ ಒಳ್ಳೆಯವರೇ. ಆದ್ರೆ ನಾನು ಹಸು ಬಗ್ಗೆ ಏನಾದ್ರೂ ಅಂದ್ರೆ, ನಾಲ್ಕು ಜನರ ಮುಂದೆ, 'ಇವಳಿಗೇನು ಗೊತ್ತು' ಅಂದುಬಿಡೋರು. ಹಾಲು ಕರೆಯೋಳು ನಾನು, ಗೊತ್ತಿರೋದು ಅವರಿಗೆ. ಹಾಗೆ ಅನ್ನಿಸಿಕೊಂಡ್ರೆ ಹೊಟ್ಟೆಯೊಳಗೆ ಹೇಗಿರುತ್ತೆ ಅಂತ ನಂಗೊತ್ತು. ನೀನು ಮೊದಲನೇ ಸಲ ಈ ಮನೆಗೆ ಅಂತ ಒಂದು ಕಾಗದ ಬರೆದುಕೊಟ್ಟೆ. ಅದನ್ನ ಹೇಗೆ ತೆಗೆದುಹಾಕ್ಲಿ? ಮರ ಇನ್ನೊಂದು ನೆಟ್ಟರೆ ಬರುತ್ತೆ ಅಂದ್ಕೊಂಡೆ. ಸೊಸೆ ಇನ್ನೊಂದು ಸಲ ಬರೆದುಕೊಡ್ತಾಳೋ ಇಲ್ವೋ."

ಅತ್ತೆಯ ಹೆಗಲಿಗೆ ತಲೆಯಿಟ್ಟೆ. ಹತ್ತೊಂಬತ್ತು ವರ್ಷದಲ್ಲಿ ಅದೂ ಮೊದಲ ಸಲ. ಅವರ ಸೀರೆಯಿಂದ ಹಾಲು, ಹುಲ್ಲು, ಸಗಣಿ ಎಲ್ಲದರ ವಾಸನೆ ಒಟ್ಟಿಗೇ ಬರುತ್ತಿತ್ತು.

"ಸಾಕು, ಏಳು" ಎಂದರು ಒಂದು ಗಳಿಗೆ ಬಿಟ್ಟು. "ಕುಂಟ ನನ್ನ ಸೆರಗು ತಿಂತಿದಾನೆ."

ಶನಿವಾರ ಲೆಕ್ಕ ಬಂತು. ಸಿಡುಕಿ ಮರದಡಿ ಮೇಯ್ದ ಹುಲ್ಲಿನಲ್ಲಿ ಪ್ರೋಟೀನ್ ನೂರಕ್ಕೆ ಹದಿಮೂರು, ಬಯಲಿನದರಲ್ಲಿ ಏಳು. ನಾರು ಬಯಲಿನದರಲ್ಲೇ ಹೆಚ್ಚು. ಎರಡೇ ಚೀಲದ ಮಾತು ಇದು, ಇದರ ಮೇಲೆ ಜಂಭ ಪಡುವಂತಿಲ್ಲ ಎಂದು ಈಗ ನನಗೂ ಬುದ್ಧಿ ಬಂದಿದೆ. ಕೆಟ್ಟ ಮೇಲೆ ಬುದ್ಧಿ ಬಂತು ಎನ್ನುವುದು ಸುಮ್ಮನೆ ಅಲ್ಲ. ಹಾಗಾಗಿ ಕಾಗದದಲ್ಲಿ ಇದ್ದದ್ದನ್ನು ಇದ್ದ ಹಾಗೆ ಬರೆದೆ: ಮರದ ಕೆಳಗೆ ಹುಲ್ಲು ಕಡಿಮೆ, ಇದು ನಿಜ. ಬೇಸಿಗೆಯಲ್ಲಿ ಹಸು ಅದನ್ನೇ ಆರಿಸಿಕೊಳ್ಳುತ್ತದೆ, ಅದರಲ್ಲಿ ಸತ್ವ ಹೆಚ್ಚು, ಇದೂ ನಿಜ. ಇನ್ನೂ ಒಂದು ವರ್ಷ ಹಸುವಿನ ಜೊತೆ ನಡೆದು ನೋಡಬೇಕು. ಕೆಳಗೆ ಸಣ್ಣದಾಗಿ ಸಹಿ ಹಾಕಿದೆ. ಪಕ್ಕದಲ್ಲಿ, ಹುಲ್ಲು ಕಿತ್ತವರು ಎನ್ನುವ ಸಾಲಿನಲ್ಲಿ, ಅತ್ತೆಯ ಹೆಸರು ಬರೆದೆ.

ಹಳೆಯ ಕಾಗದ ತೆಗೆಯಲು ಮೊಳೆಗೆ ಕೈ ಹಾಕಿದಾಗ ಅತ್ತೆ ತಡೆದರು. "ಅದೂ ಇರಲಿ. ಅದೂ ನೀನು ಬರೆದಿದ್ದೇ." ಹೊಸದನ್ನು ಅದರ ಮೇಲೆಯೇ ಸಿಕ್ಕಿಸಿದರು. ಆಮೇಲೆ ತಮ್ಮ ಹೆಸರಿನ ಮೇಲೆ ಬೆರಳಿಟ್ಟು, ಅದು ಯಾರ ಹೆಸರೆಂದು ನನ್ನಿಂದ ಎರಡು ಸಲ ಓದಿಸಿಕೊಂಡರು.

ಗೇಟಿನ ಹತ್ತಿರ ಈಗ ಮೋಟುಬುಡ ಇದೆ. ಪಕ್ಕದಲ್ಲಿ ಒಂದು ಸಸಿ ನೆಟ್ಟು ಮುಳ್ಳು ಕಟ್ಟಿದ್ದೇನೆ, ಬೆಳಿಗ್ಗೆ ಬಸ್ಸಿಗೆ ಮುಂಚೆ ಎರಡು ಕೊಡ ನೀರು ಹಾಕುತ್ತೇನೆ. ಅದು ನನ್ನ ಮೊಣಕಾಲಿಗೂ ಬಂದಿಲ್ಲ.

ಮರ ಬಿದ್ದ ಮುಂದಿನ ವಾರ ಒಂದು ಮಧ್ಯಾಹ್ನ ಮನೆಗೆ ಬೇಗ ಬಂದೆ. ಬೇರೆ ಹಸುಗಳೆಲ್ಲ ಉಳಿದ ಹದಿಮೂರು ಮರಗಳ ಕೆಳಗೆ ಮೇಯುತ್ತಿದ್ದವು. ಸಿಡುಕಿ ಮಾತ್ರ ದಿನದ ಅಭ್ಯಾಸದಂತೆ ಗೇಟಿನ ಬಳಿಗೆ ಬಂದು, ಮೋಟುಬುಡದ ಪಕ್ಕದಲ್ಲಿ, ಇಲ್ಲದ ನೆರಳಿನಲ್ಲಿ ನಿಂತಿತ್ತು. ಅದರ ಪಕ್ಕ ಅತ್ತೆ ತಮ್ಮ ಕಪ್ಪು ಕೊಡೆ ಬಿಡಿಸಿ, ಅರ್ಧ ತಮ್ಮ ತಲೆಗೆ, ಅರ್ಧ ಅದರ ತಲೆಗೆ ಹಿಡಿದುಕೊಂಡು ನಿಂತಿದ್ದರು.

"ಆ ಕಡೆ ಮರದಡಿಗೆ ಹೊಡೀಬಾರ್ದಾ ಅತ್ತೆ? ಎಷ್ಟು ಹೊತ್ತು ಹೀಗೆ?"

"ಹೊಡೆದೆ, ಬರಲ್ಲ ಅಂತಾಳೆ. ಹಟಮಾರಿ. ತಾನು ತಪ್ಪು ಕಡೆ ಬಂದು ನಿಂತಿದೀನಿ ಅಂತ ತಾನೇ ಗೊತ್ತು ಮಾಡ್ಕೋಬೇಕು, ಅಲ್ಲಿವರೆಗೂ ಯಾರು ಹೇಳಿದ್ರೂ ಕೇಳಲ್ಲ" ಎಂದು ಅತ್ತೆ ನನ್ನನ್ನು ನೋಡಿ ನಕ್ಕರು. "ಎಷ್ಟಾದ್ರೂ ನಿನ್ನ ಹೆಸರಿನೋಳು."

ನಾನು ಬ್ಯಾಗು ಗೇಟಿಗೆ ತಗಲಿಸಿ, ಅವರ ಕೈಯಿಂದ ಕೊಡೆ ತೆಗೆದುಕೊಂಡೆ. ಇಬ್ಬರ ತಲೆಯ ಮೇಲೂ ಬರುವ ಹಾಗೆ ಹಿಡಿದುಕೊಂಡು, ಸಿಡುಕಿ ಹೊರಡುವವರೆಗೂ ಅಲ್ಲೇ ನಿಂತೆ.